ಹಾಡಿನಡಿ ಹೋದ ಮಾತು

ಈಗಷ್ಟೇ ಬೆಳಕು ಹರಿದಿದೆ. ಹಿರಿಯೂರಿನ ಹಿಂದುಗಡೆ ಬೀದಿಯ ತಗಡಿನ ಕೋಣೆಯಲ್ಲಿ ಮಾಹೀರಾ ಕಂಪ್ಯೂಟರಿನ ಮುಂದೆ ಕೂತಾಗಿದೆ. ಬಿಸಿಲೇರಿ ತಗಡು ಕಾದರೆ ಕಂಪ್ಯೂಟರು ಕೆಲಸ ನಿಲ್ಲಿಸಿಬಿಡುತ್ತದೆ. ಏನಿದ್ದರೂ ಹನ್ನೊಂದರೊಳಗೆ ಮುಗಿಯಬೇಕು. ಪರದೆಯ ಮೇಲೆ ಅರಿಶಿಣ ಮೆತ್ತಿದ ಮದುವಣಗಿತ್ತಿ ನಗುನಗುತ್ತಾ ಏನೋ ಹೇಳುತ್ತಿದ್ದಾಳೆ. ಕೇಳಿಸುವುದು ಹಾಡು ಮಾತ್ರ.

ಹರಿಯಬ್ಬೆಯಿಂದ ಮೊದಲ ಬಸ್ಸಿಗೆ ಬಂದ ತಿಪ್ಪಕ್ಕ ಹೊಸ್ತಿಲ ಬಳಿ ಕೂತಿದ್ದಾರೆ. ಪರದೆಯ ಮೇಲಿರುವುದು ಅವರ ಮಗಳು ನಾಗಶ್ರೀ. ಮೂರು ತಿಂಗಳ ಹಿಂದೆ ಹೆರಿಗೆಯಲ್ಲಿ ತೀರಿಕೊಂಡಳು, ಕೂಸು ಉಳಿದಿದೆ. ಫೋನಿನಲ್ಲಿರುವುದು ಬರೀ ಫೋಟೊ; ಅದು ಬಿಟ್ಟರೆ ಮಾಹೀರಾ ಎಡಿಟ್ ಮಾಡಿಕೊಟ್ಟ ಈ ಮದುವೆ ವಿಡಿಯೊ ಒಂದೇ.

"ಕೂಸು ನಾಳೆ ನಮ್ಮವ್ವನ ದನಿ ಹೆಂಗಿತ್ತು ಅಂದ್ರೆ ಏನ್ ಕೇಳಿಸ್ಲಿ ಮಾಹೀರವ್ವಾ? ಒಂದು ಮಾತಾದ್ರೂ ಹುಡುಕ್ಕೊಡು."

ಮಾಹೀರಾ ಬೀಡಿ ಕಟ್ಟುತ್ತಿದ್ದ ತಾಜ್ ಬೀ ಅವರ ಮಗಳು. ಹತ್ತನೇ ತರಗತಿ ಮುಗಿಸಿ, ಸ್ಟುಡಿಯೊ ಒಂದರಲ್ಲಿ ಆಲ್ಬಮ್ಮಿಗೆ ಫೋಟೊ ಅಂಟಿಸುತ್ತಲೇ ಎಡಿಟಿಂಗ್ ಕಲಿತವರು. ಹೊಸದುರ್ಗ, ಹೊಳಲ್ಕೆರೆ ಕಡೆಯ ಫೋಟೊಗ್ರಾಫರುಗಳೂ ಕೆಲಸ ಕಳಿಸುತ್ತಾರೆ. ಹನ್ನೊಂದು ವರ್ಷದಲ್ಲಿ ಆರುನೂರು ಮದುವೆ. ಎಂಟು ತಾಸಿನ ಚಿತ್ರೀಕರಣವನ್ನು ಎರಡು ತಾಸಿಗೆ ಇಳಿಸಿ ಎರಡೇ ದಿನದಲ್ಲಿ ಕೊಡಬೇಕು. ಬೆನ್ನು ಹಿಡಿದುಕೊಂಡಿದೆ, ಕಣ್ಣು ಮಂಜಾಗುತ್ತಿದೆ. ವಿಡಿಯೊದ ಕೊನೆಯಲ್ಲಿ ಬರುವುದು ಫೋಟೊಗ್ರಾಫರನ ಹೆಸರು. ಮಾಹೀರಾ ಹೆಸರು ಒಂದರಲ್ಲೂ ಇಲ್ಲ.

ಇಷ್ಟು ವರ್ಷ ಅವರ ಕೈಯಲ್ಲಿದ್ದದ್ದು ಸರಳವಾದ, ಪುಕ್ಕಟೆ ಸಾಫ್ಟ್‌ವೇರ್. ಅದರಲ್ಲಿ ಚಿತ್ರಕ್ಕೆ ಒಂದೇ ಸದ್ದು: ಮಾತಿರಬೇಕು, ಇಲ್ಲವೇ ಹಾಡಿರಬೇಕು. ಜನ ಕೇಳಿದ್ದು ಹಾಡು. ಮಾತು ಅಳಿಸಿ ಹಾಡು ಕೂರಿಸಿ, ಕಂಪ್ಯೂಟರಿನಲ್ಲಿ ಜಾಗ ಸಾಲದೆಂದು ಮೂಲ ಚಿತ್ರೀಕರಣವನ್ನೂ ತೆಗೆದುಹಾಕುವುದು ರೂಢಿ. "ಸಾಫ್ಟ್‌ವೇರ್ ತಪ್ಪಲ್ಲ ಬಿಡ್ರಿ. ಒತ್ತಿದ್ದು ಈ ಬೆರಳೇ," ಎನ್ನುತ್ತಾರೆ ಮಾಹೀರಾ.

ತಿಪ್ಪಕ್ಕ ಇದನ್ನೇ ಕೇಳಲು ಮೊದಲ ಸಲ ಬಂದು ಹೋದ ಮೇಲೆ ಮಾಹೀರಾ ದೊಡ್ಡ ಸ್ಟುಡಿಯೊದವರು ಬಳಸುವ ಸಾಫ್ಟ್‌ವೇರಿಗೆ ಕೈ ಹಾಕಿದ್ದಾರೆ. ಅದರಲ್ಲಿ ಮಾತು, ಓಲಗ, ಹಾಡು ಬೇರೆಬೇರೆ ಸಾಲಿನಲ್ಲಿ ನಿಲ್ಲುತ್ತವೆ. ಒಂದನ್ನು ತಗ್ಗಿಸಿದರೂ ಅಳಿಯುವುದಿಲ್ಲ. ಆದರೆ ಹಳೆಯ ಕಂಪ್ಯೂಟರಿಗೆ ಅದು ಭಾರ. ಎರಡು ದಿನದ ಕೆಲಸ ಐದು ದಿನ ಹಿಡಿಯುತ್ತದೆ. ಇಬ್ಬರು ಫೋಟೊಗ್ರಾಫರುಗಳು ಆಗಲೇ ಬಿಟ್ಟುಹೋಗಿದ್ದಾರೆ. ಉಳಿದಿರುವ ಜಯಕುಮಾರ್ ರೇಗಿಸುತ್ತಾರೆ: "ಏನಕ್ಕಾ, ಹಳ್ಳಿ ಮದ್ವೀಗೆ ಸಿನಿಮಾ ಎಡಿಟಿಂಗಾ? ಆಯಮ್ಮಂಗೆ ಯಾರ್ದಾದ್ರೂ ದನಿ ಹಾಕ್ಕೊಟ್ಟು ಕಳ್ಸು, ಯಾರಿಗ್ ಗೊತ್ತಾಗ್ತೈತೆ?"

"ಹೆತ್ತೋಳಿಗೆ ಗೊತ್ತಾಗಲ್ವೇನಪ್ಪ?" ಎಂದು ಮಾಹೀರಾ ಬಾಯಿ ಮುಚ್ಚಿಸಿದ್ದಾರೆ.

ಹೊಸ ಸಾಫ್ಟ್‌ವೇರಿನಲ್ಲೂ ಇಡೀ ವಿಡಿಯೊ ಜಾಲಾಡಿ ಆಯಿತು. ಇಲ್ಲದ ದನಿಯನ್ನು ಅದೂ ತರಲಾರದು. ಮಾಹೀರಾ ಕುರ್ಚಿ ತಿರುಗಿಸಿ ಹೇಳುತ್ತಾರೆ: "ಇಲ್ಲ ತಿಪ್ಪಕ್ಕ. ನಾನೇ ಅಳಿಸೀನಿ."

ತಿಪ್ಪಕ್ಕ ಬೈಯುವುದಿಲ್ಲ. "ಹಂಗಾರೆ ಆ ಹಾಡಾದ್ರೂ ನಿಲ್ಸವ್ವಾ."

ಹಾಡು ನಿಲ್ಲುತ್ತದೆ. ಮಗಳ ತುಟಿಯನ್ನೇ ನೋಡುತ್ತಾ ತಾಯಿ ಹೇಳುತ್ತಾರೆ: "ಇಲ್ಲಿ, ಅರಿಶಿಣ ಕಣ್ಣಿಗೆ ಬಿತ್ತು, ಸಾಕು ಬಿಡ್ರೇ ಅಂತಾಳೆ. ಇದು ನಂಗೆ ಅಂದಿದ್ದು, ನೀನು ಮೊದ್ಲು ಉಣ್ಣವ್ವಾ ಅಂತ." ಮುಂದಿನ ಮಾತಿಗೆ ಪರದೆಯ ಹತ್ತಿರಕ್ಕೆ ಬಾಗುತ್ತಾರೆ. ಮಾಹೀರಾ ಅದನ್ನು ಮೂರು ಸಲ ತೋರಿಸುತ್ತಾರೆ. "ಇದೇನಂದ್ಲೋ, ತಿಳೀವಲ್ದು."

ತಿಪ್ಪಕ್ಕನನ್ನು ಬಸ್ಸು ಹತ್ತಿಸಿ ಬಂದ ಮಾಹೀರಾ ಜಯಕುಮಾರ್ ಕಳಿಸಿದ ಹೊಸ ಮದುವೆಯನ್ನು ತೆರೆಯುತ್ತಾರೆ, ಆ ಭಾರದ ಸಾಫ್ಟ್‌ವೇರಿನಲ್ಲೇ. ಕಂಪ್ಯೂಟರು ತಿಣುಕುತ್ತದೆ.

"ಕೆಲ್ಸ ಬಿಟ್ಟು ಹೋಗೋರು ಹೋಗ್ಲಿ. ಇನ್ಮುಂದೆ ಯಾರಾದ್ರೂ ಹಿಂಗೆ ಬಂದು ದನಿ ಕೇಳಿದ್ರೆ, ಐತೆ, ಕುಂತ್ಕಳ್ರಿ ಅನ್ನಂಗಾದ್ರೆ ಸಾಕು ನಂಗೆ."