ಮೊಳೆ ಪೂರ್ತಿ ಹೊಡೆಯದ ಊರು

ಗಾಜಿನಕ್ಕನ ಊರಿನಲ್ಲಿ ಕಿಟಕಿಗೆ ಗಾಜು ಕೂರಿಸುವಾಗ ಮೊಳೆಯನ್ನು ಪೂರ್ತಿ ಹೊಡೆಯುತ್ತಿರಲಿಲ್ಲ. ಬೇರೆ ಕಡೆಯವರು ಕೇಳಿದರೆ ನಕ್ಕಾರು. ಲೋಕದಲ್ಲೆಲ್ಲ ಗಾಜಿನ ಸುತ್ತ ಪುಟ್ಟಿ ಮೆತ್ತಿ, ಅದು ಗಟ್ಟಿಯಾದ ಮೇಲೆ ಬಣ್ಣ ಬಳಿದು ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ಹಾಗಲ್ಲ. ಗಾಜಿನ ನಾಲ್ಕೂ ಬದಿಗೆ ತೆಳ್ಳನೆಯ ಮರದ ಪಟ್ಟಿ, ಪಟ್ಟಿಗೆ ಸಣ್ಣ ಮೊಳೆ, ಮೊಳೆಯ ತಲೆ ಅಕ್ಕಿಕಾಳಿನಷ್ಟು ಹೊರಗೆ. ಇಕ್ಕಳ ಹಾಕಿ ಎಳೆದರೆ ಕಿತ್ತು ಬರಬೇಕು. ಯುದ್ಧದ ಸುದ್ದಿ ಬಂತೆಂದರೆ ಮನೆಮನೆಯವರೂ ಗಾಜು ಬಿಚ್ಚಿ, ಕಂಬಳಿ ಸುತ್ತಿ ನೆಲಮಾಳಿಗೆಗೆ ಇಳಿಸಬೇಕಲ್ಲ, ಅದಕ್ಕೆ.

"ನಮ್ಮಪ್ಪ ನಂಗೆ ಮೊದಲು ಕಲಿಸಿದ್ದು ಗಾಜು ಹಾಕೋದಲ್ಲ, ತೆಗೆಯೋದು" ಎಂದು ಅಕ್ಕ ಹೇಳುತ್ತಿದ್ದಳು. ಹೇಳುವಾಗ ಮುಖ ಅರಳುತ್ತಿತ್ತು. ಅಪ್ಪನ ಅಂಗಡಿಯೆಂದರೆ ಅವಳಿಗೆ ಪ್ರಾಣ. ಗೋಡೆಗೆ ಒರಗಿಸಿದ ಗಾಜಿನ ಹಾಳೆಗಳು, ಬೀರುವಿನ ಗಾಜಿಗೆಂದು ಕಲಸಿಟ್ಟ ಪುಟ್ಟಿಯ ಅಗಸೆ ಎಣ್ಣೆಯ ವಾಸನೆ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಅಪ್ಪ. ವಜ್ರದ ಮೊನೆಯಿಂದ ಗೆರೆ ಎಳೆಯುವಾಗ ಅವರು ಉಸಿರು ಬಿಗಿಹಿಡಿಯುತ್ತಿದ್ದರು. ಹತ್ತಿರ ನಿಂತ ಮಗಳೂ ಬಿಗಿಹಿಡಿಯುತ್ತಿದ್ದಳು. ಚಟ್ಟನೆ ಗಾಜು ಗೆರೆಯಲ್ಲೇ ಮುರಿದ ಮೇಲೆ ಇಬ್ಬರೂ ಒಟ್ಟಿಗೆ ಉಸ್ಸೆನ್ನುತ್ತಿದ್ದರು. ಗಂಡುಮಕ್ಕಳಿಲ್ಲದ ಮನೆ, ಕಸುಬು ಅವಳ ಕೈಗೇ ಬಂತು. ಊರವರು ಒಂದು ತಿಂಗಳು ಮೂಗು ಮುರಿದರು, ಆಮೇಲೆ ಕಿಟಕಿ ಒಡೆದಾಗೆಲ್ಲ ಅವಳ ಬಾಗಿಲನ್ನೇ ತಟ್ಟಿದರು.

ಅವಳು ಕೈಹಿಡಿದದ್ದು ಶಾಲೆಯಲ್ಲಿ ಚರಿತ್ರೆ ಹೇಳುವ ಮೇಷ್ಟ್ರನ್ನು. ಕಡ್ಡಿಯಂಥ ಮನುಷ್ಯ. ದೊಡ್ಡ ಹಾಳೆ ಸಾಗಿಸಲು ಇಬ್ಬರು ಬೇಕು; ರಜೆಯ ದಿನ ಇನ್ನೊಂದು ತುದಿ ಹಿಡಿಯುವ ಕೆಲಸ ಅವರದು. ಗಾಜಿನ ಈಚೆ ಇವಳು, ಆಚೆ ಅವರು, ಇಳಿಜಾರಿನ ಬೀದಿಯಲ್ಲಿ ಅಡ್ಡಡ್ಡ ಹೆಜ್ಜೆ ಹಾಕುತ್ತ ಬರುವುದನ್ನು ನೋಡಲೆಂದೇ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. "ನೋಡಿ, ನಮ್ಮಿಬ್ಬರ ಮಧ್ಯೆ ಏನೂ ಮುಚ್ಚುಮರೆಯಿಲ್ಲ!" ಎಂದು ಮೇಷ್ಟ್ರು ಕೂಗಿ ಹೇಳುತ್ತಿದ್ದರು. ಅಕ್ಕ ನಾಚಿ ಕೆಂಪಾಗುತ್ತಿದ್ದಳು. ಎಂಥ ದಿನಗಳು ಅವು!

ಮೇಷ್ಟ್ರ ತಲೆಯಲ್ಲಿ ಒಂದೇ ಹುಳ. ಮುನ್ನೂರು ವರ್ಷದಲ್ಲಿ ನಮ್ಮೂರಿಗೆ ಹನ್ನೊಂದು ಯುದ್ಧ ಯಾಕೆ ಬಂದವು?

"ಈ ಕಡೆ ಬೆಟ್ಟ, ಆ ಕಡೆ ಜೌಗು. ಮಧ್ಯೆ ಇರೋದು ನಮ್ಮ ಬಯಲೊಂದೇ, ಹೊಳೆಗೆ ಸೇತುವೆಯೂ ಒಂದೇ" ಎಂದು ಅವರು ಊಟದ ಮೇಜಿನ ಮೇಲೆ ಬೆರಳಲ್ಲೇ ನಕ್ಷೆ ಬರೆಯುತ್ತಿದ್ದರು. "ಯಾವ ದೊರೆ ಎಲ್ಲಿಗೆ ದಂಡೆತ್ತಿ ಹೋಗೋದಿದ್ರೂ ನಮ್ಮ ಜಗಲಿ ತುಳಿದೇ ಹೋಗ್ಬೇಕು. ಗೆದ್ದವನು ಪ್ರತಿ ಸಲ ಗಡಿಗೆರೆ ಇನ್ನೊಂದು ಕಡೆ ಎಳೀತಾನೆ. ಸೋತವನ ಮೊಮ್ಮಗ ಅದನ್ನ ವಾಪಸ್ ಕೇಳೋಕೆ ಬರ್ತಾನೆ. ಆದ್ರೂ ಇಷ್ಟೇ ಸಾಲದು ಕಣೇ. ಇಂಥ ಬಯಲು, ಇಂಥ ಸೇತುವೆ ಬೇರೆ ಕಡೆನೂ ಇವೆ. ಅಲ್ಲಿ ಜನ ತಣ್ಣಗಿದಾರೆ. ಏನೋ ಒಂದು ನಂಗೆ ಹೊಳೀತಿಲ್ಲ."

"ಹೊಳೆಯದಿದ್ರೆ ಬಿಡಿ. ನಿಮ್ಮ ನಕ್ಷೆ ಮೇಲೆ ತಟ್ಟೆ ಇಡ್ತೀನಿ, ಕೈ ತೆಗೀರಿ" ಎನ್ನುತ್ತಿದ್ದಳು ಅಕ್ಕ.

ಊರು ಇದ್ದದ್ದು ಹೊಳೆಗೆ ಮುಖಮಾಡಿದ ಇಳಿಜಾರಿನಲ್ಲಿ. ಸಂಜೆಯ ಬಿಸಿಲು ನೇರವಾಗಿ ಕಿಟಕಿಗಳ ಮೇಲೆ ಬಿದ್ದು ಇಡೀ ಊರು ಝಗ್ಗೆಂದು ಹೊಳೆಯುತ್ತಿತ್ತು. ಆ ಹೊತ್ತಿಗೆ ಅಕ್ಕ ಕೆಲಸ ಬಿಟ್ಟು ಹೊಳೆಯ ದಂಡೆಗೆ ಇಳಿದು, ತಿರುಗಿ ನಿಂತು ನೋಡುತ್ತಿದ್ದಳು. ಅಷ್ಟೂ ಗಾಜು ಅಪ್ಪನದು, ತನ್ನದು. ಹೆಮ್ಮೆ ಪಡದೆ ಇರಲು ಅವಳೇನು ಕಲ್ಲೇ?

ಅವಳಿಗೆ ಮೂವತ್ತೆರಡಾದ ವರ್ಷ, ಮಗಳಿಗೆ ಮೂರು. ಆಗ ಹೊಳೆಯೇ ಗಡಿ; ಎರಡು ಕಡೆಯ ದೊಡ್ಡವರು ರೇಡಿಯೋದಲ್ಲಿ ಒಬ್ಬರಿಗೊಬ್ಬರು ಹಲ್ಲು ಕಡಿಯುತ್ತಿದ್ದ ಕಾಲ. ಶಾಲೆಯ ಮೇಲಿನ ಕಿಟಕಿ ಸರಿಮಾಡಲು ಏಣಿ ಹತ್ತಿದ್ದ ಅಕ್ಕನಿಗೆ ಹೊಳೆಯಾಚೆ ದನಗಳು ಕಂಡವು. ಹಿಂಡು ಹಿಂಡಾಗಿ ಬೆಟ್ಟ ಹತ್ತುತ್ತಿದ್ದವು. ಅದು ಮೇವಿಗೆ ಬೆಟ್ಟ ಹತ್ತಿಸುವ ಕಾಲವಲ್ಲ. ಆಚೆಯವರು ದನ ಬಚ್ಚಿಡುತ್ತಿದ್ದಾರೆಂದರೆ ನಮ್ಮ ಮೇಲೆ ಬೀಳುತ್ತಾರೆಂದೇ ಲೆಕ್ಕ. ಎದ್ದೆನೋ ಬಿದ್ದೆನೋ ಎಂದು ಓಡಿಬಂದು ಮನೆಯ ಗಾಜನ್ನು ಬಿಚ್ಚಿದಳು. ಗಾಜಿನಕ್ಕನೇ ಗಾಜು ತೆಗೆದ ಮೇಲೆ ಇನ್ಯಾರು ಕಾಯುತ್ತಾರೆ? ಸಂಜೆಯೊಳಗೆ ಊರಿಗೆ ಊರೇ ಕುರುಡಾಯಿತು.

ನಾಲ್ಕನೆಯ ದಿನ ಫಿರಂಗಿ ಮೊಳಗಿತು. ಆರನೆಯ ದಿನ ಮೇಷ್ಟ್ರು ಶಾಲೆಯಲ್ಲಿ ಸಿಕ್ಕಿಬಿದ್ದ ಮಕ್ಕಳನ್ನು ಕರೆತರುತ್ತೇನೆಂದು ಹೋದರು. ಮಕ್ಕಳು ಬಂದರು, ಅವರು ಬರಲಿಲ್ಲ.

ಯುದ್ಧ ಮುಗಿದ ಮೇಲೆ, "ನಿನ್ನಿಂದ ನಮ್ಮ ಗಾಜೆಲ್ಲ ಉಳೀತು ಅಕ್ಕಾ" ಎಂದು ಜನ ಕೈ ಮುಗಿದರು. ಒಂದು ತಿಂಗಳು ಮನೆಮನೆಗೆ ಹೋಗಿ ಆ ಗಾಜನ್ನೆಲ್ಲ ಮತ್ತೆ ಕೂರಿಸಿದಳು. ಇನ್ನೊಂದು ತುದಿ ಯಾರು ಯಾರೋ ಹಿಡಿದರು. ಅವಳು ಅವರ ಮುಖ ನೋಡಲಿಲ್ಲ.

ಯುದ್ಧದಲ್ಲಿ ಮುಚ್ಚಿದ್ದ ಸೇತುವೆ ಇಪ್ಪತ್ತಾರು ವರ್ಷದ ಮೇಲೆ ತೆರೆಯಿತು. ಆಚೆಯ ಗಾಜಿನ ಕಾರ್ಖಾನೆಗೆ ಹಾಳೆ ಆರಿಸಲು ಅಕ್ಕ ಹೋದಳು. ಅಲ್ಲಿ ಹಾಳೆಗಳ ನಡುವೆ ಹುಲ್ಲು ತುರುಕಿ ಕಟ್ಟುತ್ತಿದ್ದ ಹೆಂಗಸು ಅವಳದೇ ವಯಸ್ಸಿನವಳು. ಮಾತು ಸ್ವಲ್ಪ ಎಳೆದೆಳೆದು ಆಡುತ್ತಿದ್ದಳು, ಅಷ್ಟೇ. ಯಾವೂರೆಂದು ಕೇಳಿ ಕೈಕೆಲಸ ನಿಲ್ಲಿಸಿದಳು.

"ಸಂಜೆ ಹೊಳೆಯೋ ಊರಾ? ಅಯ್ಯೋ, ಚಿಕ್ಕವಳಿದ್ದಾಗಿಂದ ನೋಡಿದೀನಿ. ಅದು ಹೊಳೆಯೋತನಕ ನಮಗೆ ನಿದ್ದೆ. ಹೊಳೆಯೋದು ನಿಂತ್ರೆ ನೀವು ನುಗ್ತೀರಿ ಅಂತ ನಮ್ಮೋರು ಫಿರಂಗಿ ತಂದು ನಿಲ್ಸೋರು."

"ನಾವು ನುಗ್ಗೋದಾ!" ಅಕ್ಕನ ದನಿ ಏರಿತು. "ನಿಮ್ಮ ದನ ಬೆಟ್ಟ ಹತ್ತಿದ್ದು ನೋಡಿ ತಾನೇ ನಾನು ಗಾಜು ತೆಗ್ದಿದ್ದು!"

"ಆ ವರ್ಷವಾ?" ಹೆಂಗಸು ನೆನಪು ಮಾಡಿಕೊಂಡಳು. "ಆ ವರ್ಷ ದನಕ್ಕೆ ಕಾಲುಬಾಯಿ ರೋಗ ಬಂದಿತ್ತು ತಾಯೀ. ರೋಗ ತಗುಲದೇ ಇದ್ದವನ್ನ ಮೇಲಕ್ಕೆ ಅಟ್ಟಿದ್ವಿ. ನಿಮ್ಮೂರು ಕುರುಡಾಗಿದ್ದು ನೋಡಿ ನಮ್ಮ ಜೀವ ಬಾಯಿಗೆ ಬಂತು. ನಮ್ಮಣ್ಣ ಹೋಗಿದ್ದು ಅದ್ರಲ್ಲೇ."

ಇಬ್ಬರೂ ಹುಲ್ಲಿನ ಮೇಲೆ ಕುಸಿದು ಕುಳಿತು ಅತ್ತರು. ಮೇಷ್ಟ್ರಿಗೆ ಹೊಳೆಯದೆ ಹೋದದ್ದು ಅಕ್ಕನಿಗೆ ಆ ದಿನ ಹೊಳೆಯಿತು. ಇವರ ಹೆದರಿಕೆ ಅವರಿಗೆ ಸಂಚಾಗಿ ಕಾಣುತ್ತದೆ, ಅವರ ಹೆದರಿಕೆ ಇವರಿಗೆ. ಅದೊಂದರಿಂದಲೇ ಯುದ್ಧವಾಯಿತು ಎನ್ನುವಷ್ಟು ಅಕ್ಕ ದಡ್ಡಿಯಲ್ಲ. ದೊರೆಗಳು, ಗಡಿಗಳು ಎಲ್ಲ ಇದ್ದೇ ಇದ್ದವು. ಆದರೆ ಮೊದಲ ಗಾಜು ತೆಗೆದ ಕೈ ತನ್ನದು. ಮನೆಗೆ ಬಂದು ಯಾರಿಗೂ ಹೇಳಲಿಲ್ಲ.

ಮತ್ತೆ ನಾಲ್ಕು ವರ್ಷ. ಮಗಳು ಹೆರಿಗೆಗೆ ಬಂದಿದ್ದಳು, ಮಗುವಿಗೆ ಹನ್ನೆರಡು ದಿನ. ರೇಡಿಯೋದಲ್ಲಿ ಮತ್ತೆ ಅದೇ ಹಲ್ಲು ಕಡಿತ. ಒಂದು ಮಧ್ಯಾಹ್ನ ಹೊಳೆಯಾಚೆ ದನಗಳು ಬೆಟ್ಟ ಹತ್ತತೊಡಗಿದವು. ಬೀದಿಯವರೆಲ್ಲ ಇಕ್ಕಳ ಹಿಡಿದು ಅಕ್ಕನ ಮನೆಯ ಮುಂದೆ ನೆರೆದರು. ಎದುರು ಮನೆಯ ದರ್ಜಿ, "ಅಕ್ಕಾ, ಶುರು ಮಾಡೋದಾ?" ಎಂದ.

ಅಕ್ಕ ತೊಟ್ಟಿಲನ್ನು ಕಿಟಕಿಯಿಲ್ಲದ ಹಿಂದಿನ ಕೋಣೆಗೆ ಸಾಗಿಸಿದಳು. ಪುಟ್ಟಿಯ ಡಬ್ಬ ಎತ್ತಿಕೊಂಡು ಬಂದು, ಏಣಿ ಇಟ್ಟು ಹತ್ತಿದಳು. ಪಟ್ಟಿಗಳನ್ನು ಕಿತ್ತು ಬಿಸಾಡಿ, ಗಾಜಿನ ಅಂಚಿಗೆ ಪುಟ್ಟಿ ಮೆತ್ತತೊಡಗಿದಳು.

"ತಲೆ ಕೆಟ್ಟಿದೆಯಾ ಅಕ್ಕಾ? ಆಮೇಲೆ ತೆಗೆಯೋದು ಹ್ಯಾಗೆ?"

"ತೆಗೆಯೋದಿಲ್ಲ."

ಮುಂದೇನಾಯಿತೆಂದು ಈಗಲೇ ಹೇಳಿಬಿಡುವುದು ಮೇಲು, ಕೇಳುವವರನ್ನು ಸತಾಯಿಸುವುದು ಒಳ್ಳೆಯದಲ್ಲ. ಅರ್ಧ ಬೀದಿ ಅಕ್ಕನಿಗೆ ಬೈದು ಗಾಜು ತೆಗೆಯಿತು, ಅರ್ಧ ಬೀದಿ ಇಕ್ಕಳ ಒಳಗಿಟ್ಟಿತು. ಸಂಜೆ ಊರು ಅರ್ಧಂಬರ್ಧ ಹೊಳೆಯಿತು. ಎರಡೂ ದಂಡೆಯಲ್ಲಿ ಸೈನಿಕರು ಹನ್ನೊಂದು ದಿನ ನಿಂತು ಹೊರಟುಹೋದರು. ಯಾಕೆ ಹೋದರೋ, ಯಾರ ಪುಣ್ಯವೋ, ಇವತ್ತಿಗೂ ಯಾರಿಗೂ ತಿಳಿಯದು.

ಆದರೆ ಆ ಮಧ್ಯಾಹ್ನ ಅದೇನೂ ಗೊತ್ತಿರಲಿಲ್ಲ. ಮಗಳು ಮಗುವನ್ನು ಎದೆಗವಚಿಕೊಂಡು ಬಂದು ಏಣಿಯ ಕೆಳಗೆ ನಿಂತಳು.

"ಅಮ್ಮಾ, ಮಗು ಇರೋ ಮನೆ ಇದು. ಬೇರೆಯವರ ಮಾತು ಹಾಳಾಗ್ಲಿ, ನಿಂಗೂ ಬುದ್ಧಿ ಬೇಡ್ವಾ?"

ಅಕ್ಕ ಏಣಿಯ ಮೇಲಿಂದಲೇ ಎಲ್ಲ ಹೇಳಿದಳು. ಕಾರ್ಖಾನೆ, ಹುಲ್ಲು, ದನದ ರೋಗ, ಆ ಹೆಂಗಸಿನ ಅಣ್ಣ. ಮಗಳು ಕೇಳಿದಳು.

"ಹಾಗಾದ್ರೆ ಅಪ್ಪ ಹೋಗಿದ್ದು ನಿನ್ನಿಂದಲಾ?"

"ಗೊತ್ತಿಲ್ಲ ಮಗಳೇ. ನಾಲ್ಕು ವರ್ಷದಿಂದ ದಿನಾ ಬೆಳಗ್ಗೆ ಅದನ್ನೇ ಕೇಳ್ಕೊಂಡು ಏಳ್ತೀನಿ. ಈ ಸಲ ಏನಾದ್ರೂ ಆಗ್ಲಿ, ನನ್ನಿಂದ ಅಲ್ಲ ಅಂತ ನಂಗೆ ಗೊತ್ತಿರ್ಬೇಕು. ಗಾಜು ಒಡೆದ್ರೆ ಇನ್ನೊಂದು ಕೊಯ್ದು ಹಾಕ್ತೀನಿ. ನಿಮ್ಮಪ್ಪನ್ನ ಎಲ್ಲಿಂದ ತರ್ಲಿ?"

ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗೆ ಹೋಗಿ ಮಗುವನ್ನು ಮಲಗಿಸಿ ಬಂದು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದಳು.

"ಮೇಲಿನ ಮೂಲೆ ಬಿಟ್ಟಿದೀಯ ನೋಡು, ಅಲ್ಲೂ ಮೆತ್ತು" ಎಂದಳು.