ಸಂತ ನಿಕೋಲನ ಹಬ್ಬದ ಹಸಿರು ಚೌಕ

ದೊನಿ ಯಾಸೆನ್ ಹಳ್ಳಿಗೆ ಇನ್ನೂ ಬೆಳಕು ಹರಿದಿಲ್ಲ. ಪುಟ್ಟ ದವಾಖಾನೆಯಲ್ಲಿ ಡಾಕ್ಟರ್ ಝಾಗೋರ್ಕಾ ಕೋಟು ಕೂಡ ಬಿಚ್ಚದೆ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಜಿಲ್ಲಾಸ್ಪತ್ರೆಯಲ್ಲಿ ಯಾರಾದರೂ ತಜ್ಞರನ್ನು ಕಾಣುವ ಸರದಿ ಬಿಟ್ಟುಕೊಟ್ಟರೆ ಪರದೆಯ ಮೇಲಿನ ಕೆಂಪು ಚೌಕ ಹಸಿರಾಗುತ್ತದೆ. ತಕ್ಷಣ ಒತ್ತಬೇಕು, ತಡವಾದರೆ ಇನ್ನೊಂದು ಊರಿನ ಡಾಕ್ಟರು ಹಾರಿಸಿಕೊಂಡು ಹೋಗುತ್ತಾರೆ.

"ಬಂತು, ಬಂತು... ಅಯ್ಯೋ, ಹೋಯ್ತು!" ಎಂದು ಮೇಜು ಗುದ್ದುತ್ತಾರೆ. "ಕೋಳಿ ಹಿಡಿದಂಗೆ ಕಣೇ ಬಿಸೆರ್ಕಾ."

"ಒಂದೇ ಬೆರಳಲ್ಲಿ ಕೋಳಿ ಸಿಗುತ್ತಾ ಡಾಕ್ಟ್ರೇ?" ನರ್ಸ್ ಬಿಸೆರ್ಕಾ ನಗುತ್ತಾ ಕಾಫಿ ಇಡುತ್ತಾರೆ.

ಮೊದಲೆಲ್ಲ ಝಾಗೋರ್ಕಾ ಚೀಟಿ ಬರೆದುಕೊಡುತ್ತಿದ್ದರು. ಅದನ್ನು ಹಿಡಿದು ಜನ ಮೊದಲ ಬಸ್ಸಿಗೆ ಹೋಗಿ, ಆಸ್ಪತ್ರೆಯ ಕಿಟಕಿ ಮುಂದೆ ನಿಂತು, ಇನ್ನೊಂದು ದಿನ ಬನ್ನಿ ಅನ್ನಿಸಿಕೊಂಡು ವಾಪಸಾಗುತ್ತಿದ್ದರು. ಕಂಪ್ಯೂಟರ್ ಬಂದ ಹೊಸದರಲ್ಲಿ ಡಾಕ್ಟರು ಊರಿನ ಕಮ್ಮಾರನಿಗೆ ಹೆರಿಗೆ ವಿಭಾಗದಲ್ಲಿ ಸರದಿ ಹಿಡಿದುಬಿಟ್ಟಿದ್ದರು. ಹೆಂಡದಂಗಡಿಯಲ್ಲಿ ಅವನನ್ನು ಈಗಲೂ "ಮಗು ಹೆಂಗಿದೆಯೋ?" ಎಂದು ಕೇಳುತ್ತಾರೆ.

ಆದರೆ ಜೇನು ಸಾಕುವ ಮಿಲಾದಿನ್ ವಿಷಯ ನಗುವಂಥದ್ದಲ್ಲ. ಹೆಂಡತಿ ತೀರಿಕೊಂಡ ಮೇಲೆ ಒಬ್ಬಂಟಿ. ಹೋದ ಚಳಿಗಾಲದ ಶುರುವಿನಲ್ಲಿ ಅವನ ಎದೆಬಡಿತ ಕೇಳಿದ ಡಾಕ್ಟರ ಮುಖ ಬಿಗಿದುಕೊಂಡಿತು. ಹೃದಯ ತಜ್ಞರು ಬೇಗ ನೋಡಲೇಬೇಕು. ಪರದೆಯಲ್ಲಿ ವಸಂತದವರೆಗೂ ಬರೀ ಕೆಂಪು. ನಡುವೆ ಒಂದೇ ಒಂದು ದಿನ ಮಾತ್ರ ಪೂರ್ತಿ ಹಸಿರು: ಸಂತ ನಿಕೋಲನ ಹಬ್ಬ. ಮಿಲಾದಿನ್ ಮನೆಯೂ ಸೇರಿ ಜಿಲ್ಲೆಯ ಅರ್ಧ ಮನೆಗಳಿಗೆ ಅವನೇ ಮನೆದೇವರು. ಅಂದು ಕರೆಯದೆಯೇ ನೆಂಟರು ಬರುತ್ತಾರೆ, ಯಜಮಾನ ಹೊಸಿಲು ದಾಟುವುದಿಲ್ಲ.

"ನಿಮಗೆ ತಲೆ ಕೆಟ್ಟಿದೆಯಾ ಡಾಕ್ಟ್ರಮ್ಮ? ಯುದ್ಧದ ಕಾಲದಲ್ಲೂ ನಮ್ಮಪ್ಪ ಆವತ್ತು ಬಾಗಿಲು ಹಾಕಿರ್ಲಿಲ್ಲ!" ಆ ದಿನವೇ ಹೋಗೆಂದಾಗ ಮಿಲಾದಿನ್ ಸಿಡುಕಿದ.

"ಹಾಕು ಅಂದೆನಾ ಮಿಲಾದಿನಣ್ಣ? ನಾನಿರ್ತೀನಿ ಬಾಗಿಲಲ್ಲಿ."

"ಹಬ್ಬದ ಮೀನು ಯಾರು ಕರೀತಾರೆ?"

"ನಾನೇ. ಸೀದು ಹೋಗುತ್ತೆ. ತಿನ್ನೋರು ನೆಂಟ್ರು, ನಿಂಗೇನು ಕಷ್ಟ?"

ಬೆಳಗ್ಗೆ ಹಬ್ಬದ ಮೇಣದ ಬತ್ತಿ ಹಚ್ಚಿ ಮಿಲಾದಿನ್ ಬಸ್ಸು ಹತ್ತಿದ. ಯಜಮಾನನೇ ವೈನ್ ಹನಿಸಿ ಆರಿಸಬೇಕಾದ ಬತ್ತಿ ಅದು. ಡಾಕ್ಟರು ದಿನವಿಡೀ ಅವನ ಬಾಗಿಲಲ್ಲಿ ನಿಂತು, ಬಂದವರು ಮೊದಲು ಬಾಯಿಗಿಡುವ ಬೇಯಿಸಿದ ಗೋಧಿಯ ಬಟ್ಟಲು ಹಿಡಿದು ನೆಂಟರನ್ನು ಒಳಗೆ ಕರೆದರು, ಬಾಗಿಲು ತೆರೆದಾಗಲೆಲ್ಲ ಬತ್ತಿಗೆ ಅಂಗೈ ಅಡ್ಡ ಹಿಡಿದರು. ಸಂಜೆಯ ಬಸ್ಸಿಗೆ ಮಿಲಾದಿನ್ ವಾಪಸಾದಾಗ ಗೇಣುದ್ದದ ಬತ್ತಿ ಬೆರಳುದ್ದವಾಗಿತ್ತು, ಆರಿರಲಿಲ್ಲ. ಅವನ ಹೃದಯದ ಕವಾಟ ಹಾಳಾಗಿತ್ತು. ಆಪರೇಷನ್ ದಿನ ಗೊತ್ತುಮಾಡಿ ಕಳಿಸಿದ್ದರು. ಅವನು ವೈನ್ ಹನಿಸಿ ಬತ್ತಿ ಆರಿಸಿದ. ಆಮೇಲೆ ಮೀನು ಬಾಯಿಗಿಟ್ಟು, "ಥೂ, ಇದ್ದಿಲು!" ಎಂದ.

ಈಗ ಅವನ ಎದೆಯ ಮೇಲೆ ಹೊಲಿಗೆಯ ಗುರುತಿದೆ, ಗೂಡುಗಳಲ್ಲಿ ಜೇನಿದೆ. ಡಾಕ್ಟರ ಕಿಟಕಿಯಲ್ಲಿ ಅವನು ತಂದಿಟ್ಟ ಜಾಡಿಯಿದೆ.

ಇನ್ನೇನು ಆಸೆಯಿದೆ ಎಂದು ಯಾರಾದರೂ ಕೇಳಿದರೆ ಝಾಗೋರ್ಕಾ ಪರದೆಯಿಂದ ಕಣ್ಣು ಕೀಳುವುದಿಲ್ಲ. "ಈ ಸಲದ ಹಬ್ಬಕ್ಕೂ ಒಬ್ಬರನ್ನ ಕಳಿಸ್ಬೇಕು, ಅವ್ರ ಮನೆ ಬಾಗಿಲು ಕಾಯೋಕೆ ಒಪ್ಕೊಂಡಿದೀನಿ. ಅಷ್ಟರೊಳಗೆ ಮೀನು ಕರಿಯೋದು ಕಲಿತ್ರೆ ಸಾಕು."