ಸಲಹೆ ಇಲ್ಲದ ಒಂದು ಗಂಟೆ

ಬಾಯಿ ಮುಚ್ಚಿಕೊಂಡು ಕೂರುವ ವಿದ್ಯೆಯನ್ನು ನಾನು ಕಲಿತದ್ದು ತೀರ ಇತ್ತೀಚೆಗೆ, ಅದೂ ಮೊಬೈಲಿನಲ್ಲಿ. ಬದುಕೆಲ್ಲ ಮಾಸ್ತರಿಕೆ ಮಾಡಿದವನಿಗೆ ಇದು ಸಣ್ಣ ಸಾಧನೆಯಲ್ಲ.

ನನ್ನ ಮಗಳು ಶರಣಮ್ಮನಿಗೆ ಮಾತು ಬಾರದು, ಬುದ್ಧಿಯ ಬೆಳವಣಿಗೆ ನಿಧಾನ. ಖುಷಿಯಾದರೆ ಚಪ್ಪಾಳೆ ತಟ್ಟಿ ಜೋರಾಗಿ ಕೂಗುತ್ತಾಳೆ. ಹಿಂದೆ ರಾಜರು ಸಲಹೆಗೆಂದೇ ಸಂಬಳ ಕೊಟ್ಟು ಮಂತ್ರಿಯನ್ನು ಇಟ್ಟುಕೊಳ್ಳುತ್ತಿದ್ದರಂತೆ. ಅವಳೊಂದಿಗೆ ಸೇಡಂ ಬಸ್ ನಿಲ್ದಾಣದಲ್ಲಿ ನಿಂತರೆ ನನಗೆ ಸಲಹೆ ಬಿಟ್ಟಿಯಾಗಿ ಸಿಗುತ್ತದೆ. ಒಬ್ಬರು ಎಣ್ಣೆ ಹೇಳುತ್ತಾರೆ, ಇನ್ನೊಬ್ಬರು ದರ್ಗಾ, ಮತ್ತೊಬ್ಬರು ಕುಂಚಾವರಂ ಕಾಡಿನ ಬೇರು. ಎಲ್ಲ ಪ್ರೀತಿಯಿಂದಲೇ. ಆದರೆ ಪ್ರತಿ ಸಲಹೆಯ ಬಾಲದಲ್ಲೂ 'ಇದನ್ನೂ ಮಾಡಲಿಲ್ಲವೇ?' ಎಂಬ ಕೊಂಡಿ ಇರುತ್ತದೆ. ಅದಕ್ಕೇ ನಾವು ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟಿದ್ದೆವು.

ಇಂಥ ಮಕ್ಕಳ ತಂದೆತಾಯಂದಿರು ಭಾನುವಾರ ಒಂದು ಗಂಟೆ ವಿಡಿಯೊ ಕರೆಯಲ್ಲಿ ಸೇರುವ ಗುಂಪಿಗೆ ಹೆಂಡತಿ ನನ್ನನ್ನು ದೂಡಿದಳು. ಅದನ್ನು ನಡೆಸುವ ಆಪ್ತಸಮಾಲೋಚಕಿ ಮೊದಲ ದಿನವೇ ಶಾಸನ ಹೊರಡಿಸಿದರು: ನಿಮ್ಮದು ಹೇಳಿಕೊಳ್ಳಬಹುದು, ಇತರರದು ಕೇಳಬಹುದು, ಸಲಹೆ ಮಾತ್ರ ಕೊಡುವಂತಿಲ್ಲ. ಚಿತ್ತಾಪುರದ ತಂದೆಯೊಬ್ಬರ ಗಂಟಲ ತನಕ ಬಂದ ಸಲಹೆ ಮರಳಿ ಹೊಟ್ಟೆಗಿಳಿಯುವುದು ಪರದೆಯ ಮೇಲೇ ಕಾಣುತ್ತಿತ್ತು. ನನ್ನದೂ ಅವರಿಗೆ ಕಂಡಿರಬೇಕು.

ಅಷ್ಟರಲ್ಲಿ ಸುಲೇಪೇಟದಿಂದ ತಮ್ಮ ಫೋನ್ ಮಾಡಿದ. "ಮಗಳ ಲಗ್ನ ಅದ ಅಣ್ಣಾ. ಶರಣಮ್ಮಗ ಬಿಟ್ಟು ಬಂದ್ರ ನಾ ಮಾತಾಡಂಗಿಲ್ಲ ನೋಡು."

ಹೋಗಲೇ, ಬಿಡಲೇ? ಜೀವಮಾನದಲ್ಲಿ ಮೊದಲ ಬಾರಿಗೆ ನನಗೊಂದು ಸಲಹೆ ಬೇಕಾಗಿತ್ತು. ಅವಳು ಕೂಗಿದಾಗ ಜನ ತಿರುಗಿ ನೋಡುವುದನ್ನು ತಡೆದುಕೊಳ್ಳಲಾರೆ ಎಂದು ಗುಂಪಿನಲ್ಲಿ ಹೇಳಿಕೊಂಡೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ಕಾನೂನು ಪಾಲನೆಯೆಂದರೆ ಅದು.

ಕಡೆಗೆ ವಾಡಿಯ ನಾಗಮ್ಮ ಬಾಯಿ ಬಿಟ್ಟರು. ಅವರ ಮಗನೂ ನನ್ನ ಮಗಳಂತೆಯೇ. "ಸಲಹಾ ಅಲ್ರಿ ಸರ, ನಮ್ಮ ಮನಿ ಸುದ್ದಿ ಹೇಳ್ತೀನಿ. ಒಂದು ಲಗ್ನದಾಗ ಅಕ್ಕಿಕಾಳು ಹಾಕೋ ಹೊತ್ತಿನಾಗ ನಮ್ಮ ಹುಡುಗ ಭಾಳ ಒದರಿದ. ಮಂದಿ ಎಲ್ಲಾ ಹೊಳ್ಳಿ ನೋಡಿದ್ರು. ಆಮ್ಯಾಲ ಊಟಕ್ಕ ಹೋದ್ರು."

ಹೋದೆವು. ಬ್ಯಾಂಡು ಶುರುವಾಗುತ್ತಲೇ ಶರಣಮ್ಮ ಕೂಗಿದಳು. ಮಂದಿ ನೋಡಿದರು. ಆಮೇಲೆ ಊಟಕ್ಕೆ ಹೋದರು.

ಕಲ್ಯಾಣಮಂಟಪದ ಮೂಲೆಯಲ್ಲಿ ಐನಾಪುರದ ಒಬ್ಬ ತಂದೆ ಕುಳಿತಿದ್ದ. ತೊಡೆಯ ಮೇಲೆ ಕತ್ತು ನಿಲ್ಲದ ಮಗು, ಸುತ್ತಲೂ ಬಿಟ್ಟಿ ಮಂತ್ರಿಮಂಡಲ. ಅದು ವಿಸರ್ಜನೆಯಾಗುವ ತನಕ ಕಾದು ಪಕ್ಕದಲ್ಲಿ ಕುಳಿತೆ. ನನ್ನ ಮಾಸ್ತರ ಬಾಯಿ ತಾನಾಗಿಯೇ ತೆರೆಯಿತು. ಮುಚ್ಚಿದೆ. ಮತ್ತೆ ತೆರೆದು, "ಊಟ ಆಯ್ತೇನ್ರಿ?" ಎಂದೆ.

"ಎಲ್ಲಿ ಊಟ ರೀ, ಇವನಿಗ ಯಾರ್ ಹಿಡ್ಕೋತಾರ?"

ಹಿಡಿದುಕೊಂಡೆ. ಆತ ಸಾವಕಾಶವಾಗಿ ಉಂಡು ಬರುವ ತನಕ ಶರಣಮ್ಮ ಮಗುವಿಗೆ ಚಪ್ಪಾಳೆ ತಟ್ಟಿದಳು.

ಭಾನುವಾರ ಗುಂಪಿನೆದುರು ಇದನ್ನೆಲ್ಲ ಹೇಳಿ, ಕೃತಜ್ಞತೆಯ ಒಂದು ಘನವಾದ ಭಾಷಣಕ್ಕೆ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ನಾಗಮ್ಮ ಕೇಳಿದರು: "ಹೋಳಿಗಿ ಛಲೋ ಇದ್ವೇನ್ರಿ ಸರ?"

"ಭಾಳ ಛಲೋ ಇದ್ವು ತಾಯಿ" ಎಂದೆ. ಭಾಷಣ ಅಷ್ಟಕ್ಕೇ ಮುಗಿಯಿತು.